ಬ್ರೇಕ್ ಬರೆದರೆ ತಪ್ಪಾ? ಲೂಪಿನಿಂದ ಮಧ್ಯದಲ್ಲೇ ಹೊರಬರುವ ಬಗ್ಗೆ

ಪ್ರಶ್ನೆ: ದಾವಣಗೆರೆಯಲ್ಲಿ ಬಿಸಿಎ ಮುಗಿಸಿ, ಎಂಟು ತಿಂಗಳಿಂದ ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಇಂಟರ್ನೆಟ್ ಬಿಲ್ಲಿನ ಸಾಫ್ಟ್‌ವೇರ್. ಸುಮಾರು 40,000 ಗ್ರಾಹಕರ ಪಟ್ಟಿಯಲ್ಲಿ ಒಂದು ನಂಬರ್ ಹುಡುಕಿ ಅವರ ಬಾಕಿ ತೋರಿಸುವ ಕೋಡನ್ನು ಪೈಥಾನ್‌ನಲ್ಲಿ ಬರೆದೆ. ಒಬ್ಬೊಬ್ಬರನ್ನೇ ನೋಡುತ್ತಾ ಸುತ್ತುವ ಲೂಪ್, ನಂಬರ್ ಸಿಕ್ಕ ತಕ್ಷಣ ಅದರಿಂದ ಹೊರಬರೋಕೆ ಬ್ರೇಕ್ ಹಾಕಿದ್ದೆ. ರಿವ್ಯೂನಲ್ಲಿ ಸೀನಿಯರ್ "ಬ್ರೇಕ್ ಬೇಡ, ಫ್ಲ್ಯಾಗ್ ಇಟ್ಟು ಬರಿ" ಅಂದರು, ಅಂದರೆ ಸಿಕ್ಕಿತೋ ಇಲ್ಲವೋ ಅಂತ ಗುರುತಿಡುವ ಒಂದು ವೇರಿಯಬಲ್. ಕಾಲೇಜಿನಲ್ಲೂ ಮೇಡಂ "ಬ್ರೇಕ್ ಅಂದರೆ ಗೋಟೂ ಇದ್ದ ಹಾಗೆ, ಲೂಪಿಗೆ ಒಂದೇ ಬಾಗಿಲಿರಬೇಕು" ಅಂತ ಇಂಟರ್ನಲ್ಸ್‌ನಲ್ಲಿ 2 ಮಾರ್ಕ್ಸ್ ಕಡಿದಿದ್ದರು. ಸರಿ ಅಂತ ಫ್ಲ್ಯಾಗ್ ಹಾಕಿ ಬರೆದೆ. ಈಗ ಒಬ್ಬರ ನಂಬರ್ ಹಾಕಿದರೆ ಪಟ್ಟಿಯಲ್ಲಿ ಅವರ ನಂತರ ಇರುವವರ ಬಾಕಿ ಬರುತ್ತಿದೆ! ಬ್ರೇಕ್ ನಿಜವಾಗಲೂ ಕೆಟ್ಟದ್ದಾ? ಒಂದು ಲೂಪಿನ ಒಳಗೆ ಇನ್ನೊಂದು ಲೂಪ್ ಇದ್ದರೆ ಎರಡರಿಂದಲೂ ಹೊರಬರೋದು ಹೇಗೆ? ಜಾವಾಸ್ಕ್ರಿಪ್ಟ್‌ನ ಫಾರ್‌ಈಚ್ ಒಳಗೆ ರಿಟರ್ನ್ ಹಾಕಿದರೂ ಲೂಪ್ ನಿಲ್ಲೋದಿಲ್ಲ, ಯಾಕೆ? ನನ್ನ ಹಳೆಯ ಕೋಡ್‌ನಲ್ಲಿ ಇನ್ನೂ 11 ಕಡೆ ಬ್ರೇಕ್ ಇದೆ. ಎಲ್ಲಾ ತೆಗೆದುಬಿಡಲಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆ ಸೇರಿಕೊಂಡಿವೆ. ಒಂದು, ಕೋಡ್ ತಪ್ಪು ಉತ್ತರ ಕೊಡುತ್ತಿದೆ. ಇನ್ನೊಂದು, ದೊಡ್ಡವರು ಬೇಡ ಅಂದಿದ್ದನ್ನು ಮಾಡಿಬಿಟ್ಟೆನಾ ಅನ್ನುವ ಅಳುಕು. ಅಳುಕಿನ ವಿಷಯಕ್ಕೆ ಆಮೇಲೆ ಬರೋಣ. ಒಬ್ಬರ ಬಾಕಿ ಇನ್ನೊಬ್ಬರ ಹೆಸರಿಗೆ ಹೋಗುತ್ತಿದೆಯಲ್ಲ, ಅದು ಇವತ್ತೇ ಸರಿಯಾಗಬೇಕು.

ನೀವು ಕಳಿಸಿದ ಫ್ಲ್ಯಾಗ್ ಕೋಡನ್ನು ಕನ್ನಡದಲ್ಲಿ ಬರೆದರೆ ಹೀಗಿದೆ:

ಸಿಕ್ಕಿತು = ಇಲ್ಲ
ಐ = 0
ಐ ಪಟ್ಟಿಯ ಉದ್ದಕ್ಕಿಂತ ಕಡಿಮೆ ಇದ್ದು, ಇನ್ನೂ ಸಿಕ್ಕಿಲ್ಲದಿದ್ದರೆ, ಸುತ್ತು:
    ಪಟ್ಟಿ[ಐ] ನಂಬರ್ ಬೇಕಾದ ನಂಬರೇ ಆಗಿದ್ದರೆ: ಸಿಕ್ಕಿತು = ಹೌದು
    ಐ = ಐ + 1
ಪಟ್ಟಿ[ಐ] ಬಾಕಿ ತೋರಿಸು

ಇಲ್ಲಿ ಐ ಅಂದರೆ ಪಟ್ಟಿಯಲ್ಲಿ ಎಷ್ಟನೇ ಜಾಗ ಅನ್ನೋದು, ಎಣಿಕೆ 0ಯಿಂದ ಶುರು. ಒಂದು ಸಣ್ಣ ಪಟ್ಟಿ ಇಟ್ಟುಕೊಂಡು ಕೈಯಲ್ಲೇ ಓಡಿಸಿ ನೋಡಿ. 101, 104, 107, 110, 113 ಅಂತ ಐದು ನಂಬರ್. ನಮಗೆ ಬೇಕಾಗಿರುವುದು 107. ಐ ಬೆಲೆ 0 ಇದ್ದಾಗ 101, ಅಲ್ಲ. 1 ಆದಾಗ 104, ಅಲ್ಲ. 2 ಆದಾಗ 107, ಸಿಕ್ಕಿತು. ಫ್ಲ್ಯಾಗ್ 'ಹೌದು' ಆಯಿತು. ಆದರೆ ಆ ಸುತ್ತು ಇನ್ನೂ ಮುಗಿದಿಲ್ಲ. ಕೆಳಗಿನ ಸಾಲು ಬಾಕಿ ಇದೆ. ಅದು ಓಡಿ ಐ 3 ಆಗುತ್ತದೆ. ಆಮೇಲೆ ಲೂಪ್ ತಲೆಗೆ ಹೋಗಿ ಫ್ಲ್ಯಾಗ್ ನೋಡಿ ನಿಲ್ಲುತ್ತದೆ. ಈಗ ಪಟ್ಟಿ[3] ಅಂದರೆ 110. ಮುಂದಿನ ಗ್ರಾಹಕರು! ಕೊನೆಯ 113 ಹುಡುಕಿದರೆ ಐ 5 ಆಗುತ್ತದೆ. ಆ ಜಾಗದಲ್ಲಿ ಏನೂ ಇಲ್ಲ, ಇಂಡೆಕ್ಸ್ ಎರರ್ ಬರುತ್ತದೆ. ಇಲ್ಲದ ನಂಬರ್ ಹುಡುಕಿದರೂ ಅದೇ ಎರರ್.

ಫ್ಲ್ಯಾಗ್ ಬರೆಯುವವರು ಜಾಸ್ತಿ ಎಡವುವುದು ಇಲ್ಲೇ. ಫ್ಲ್ಯಾಗ್ ಎತ್ತಿದ ಕ್ಷಣಕ್ಕೆ ಲೂಪ್ ನಿಲ್ಲೋದಿಲ್ಲ. ಆ ಸುತ್ತಿನಲ್ಲಿ ಉಳಿದ ಸಾಲುಗಳೆಲ್ಲ ಓಡಿದ ಮೇಲೇ ನಿಲ್ಲುತ್ತದೆ. ಬ್ರೇಕ್ ಹಾಗಲ್ಲ, ಅಲ್ಲಿಂದಲೇ ಹೊರಗೆ ಹೋಗುತ್ತದೆ. ಹಾಗಾಗಿ ಬ್ರೇಕ್ ತೆಗೆದು ಫ್ಲ್ಯಾಗ್ ಇಡುವುದು ಸುಮ್ನೆ ಒಂದು ಪದ ಬದಲಿಸಿದ ಹಾಗಲ್ಲ. ಲೂಪಿನ ಉಳಿದ ಸಾಲುಗಳನ್ನೂ ಮತ್ತೆ ಯೋಚಿಸಬೇಕು.

ಆದರೆ ನಿಮ್ಮ ಮೊದಲಿನ ಬ್ರೇಕ್ ಕೋಡ್ ಸರಿ ಇತ್ತು ಅಂತ ಹೇಳುವ ಹಾಗೂ ಇಲ್ಲ. ಅದು ಹೀಗಿತ್ತು: ಫಾರ್ ಲೂಪಿನಲ್ಲಿ ಒಬ್ಬೊಬ್ಬ ಗ್ರಾಹಕರನ್ನೂ ತೆಗೆದುಕೊಂಡು, ನಂಬರ್ ಹೊಂದಿದರೆ ಬ್ರೇಕ್. ಲೂಪ್ ಮುಗಿದ ಮೇಲೆ ಆ ಗ್ರಾಹಕರ ಬಾಕಿ ತೋರಿಸು. ಇದಕ್ಕೆ 999 ಕೊಟ್ಟು ನೋಡಿ. ಆ ನಂಬರ್ ಪಟ್ಟಿಯಲ್ಲೇ ಇಲ್ಲ. ಲೂಪ್ ಕೊನೆಯವರೆಗೂ ಹೋಗಿ ನಿಲ್ಲುತ್ತದೆ. ಪೈಥಾನ್‌ನಲ್ಲಿ ಲೂಪ್ ಮುಗಿದರೂ ಅದರ ವೇರಿಯಬಲ್ ಉಳಿದಿರುತ್ತದೆ. ಅದರಲ್ಲಿ ಕೊನೆಗೆ ಬಂದ 113 ಇರುತ್ತದೆ. ಹಾಗಾಗಿ 999 ಕೇಳಿದವರಿಗೆ 113ರ ಬಾಕಿ ಹೋಗುತ್ತದೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಪಟ್ಟಿಯೇ ಖಾಲಿ ಇದ್ದರೆ ಆ ವೇರಿಯಬಲ್ ಹುಟ್ಟೇ ಇರೋದಿಲ್ಲ, ಆಗ ನೇಮ್ ಎರರ್.

ನೋಡಿದಿರಾ? ಫ್ಲ್ಯಾಗ್ ಇಟ್ಟರೂ ತಪ್ಪು, ಬ್ರೇಕ್ ಇಟ್ಟರೂ ತಪ್ಪು. ಎರಡರಲ್ಲೂ ಕಾಯಿಲೆ ಒಂದೇ. ಒಂದು ಹುಡುಕುವ ಲೂಪ್ ಎರಡು ಕಾರಣಕ್ಕೆ ನಿಲ್ಲಬಹುದು: ಬೇಕಾದದ್ದು ಸಿಕ್ಕಿತು, ಇಲ್ಲವೇ ಪಟ್ಟಿ ಮುಗಿಯಿತು. ಯಾವ ಕಾರಣಕ್ಕೆ ನಿಂತಿತು ಅಂತ ಲೂಪಿನ ನಂತರದ ಸಾಲಿಗೆ ಗೊತ್ತಿರಲೇಬೇಕು. ನಿಮ್ಮ ಎರಡು ಕೋಡ್‌ಗಳಲ್ಲೂ ಆ ಸಾಲು ಅದನ್ನು ಕೇಳುತ್ತಲೇ ಇಲ್ಲ. ಇಪ್ಪತ್ತು ವರ್ಷದಿಂದ ಬೇರೆಯವರ ಕೋಡ್ ಓದುತ್ತಿದ್ದೇನೆ. ಲೂಪಿನಿಂದ ಬೇಗ ಹೊರಬರುವ ಕಡೆ ನಾನು ನೋಡಿದ ತಪ್ಪುಗಳಲ್ಲಿ ಹೆಚ್ಚಿನವು ಇದೇ ಜಾತಿಯವು.

ಇನ್ನು ಆ ಅಳುಕಿನ ವಿಷಯ. "ಬ್ರೇಕ್ ಅಂದರೆ ಗೋಟೂ" ಅನ್ನುವ ಮಾತು ಎಲ್ಲಿಂದ ಬಂತು ಅಂತ ತಿಳಿದರೆ ನಿಮ್ಮ ಮೇಡಂ ಮೇಲೂ ಸೀನಿಯರ್ ಮೇಲೂ ಬೇಜಾರು ಕಡಿಮೆ ಆಗುತ್ತದೆ.

1968ರ ಮಾರ್ಚ್‌ನಲ್ಲಿ ಎಡ್ಸ್‌ಗರ್ ಡೈಕ್‌ಸ್ಟ್ರಾ ಅನ್ನುವ ಡಚ್ ವಿಜ್ಞಾನಿಯ ಒಂದು ಸಣ್ಣ ಪತ್ರ ಅಮೆರಿಕದ ಕಂಪ್ಯೂಟರ್ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಗೋಟೂ ಹೇಳಿಕೆಯಿಂದ ಹಾನಿ ಜಾಸ್ತಿ ಅನ್ನೋದು ಅದರ ಸಾರ. ಆಗಿನ ಪ್ರೋಗ್ರಾಂಗಳಲ್ಲಿ ಗೋಟೂ ಬರೆದು ಎಲ್ಲಿಂದ ಎಲ್ಲಿಗೆ ಬೇಕಾದರೂ ಹಾರಬಹುದಿತ್ತು. ಮೇಲಕ್ಕೆ, ಕೆಳಕ್ಕೆ, ಇನ್ನೊಂದು ಲೂಪಿನ ಹೊಟ್ಟೆಯೊಳಕ್ಕೆ. ಓದುವವರಿಗೆ "ಈ ಸಾಲಿಗೆ ಬಂದಾಗ ಇಲ್ಲಿಯವರೆಗೆ ಏನೇನು ನಡೆದಿದೆ?" ಅಂತ ಹೇಳೋಕೇ ಆಗುತ್ತಿರಲಿಲ್ಲ. ಡೈಕ್‌ಸ್ಟ್ರಾ ಅವರ ದೂರು ಅದು. ಅದಕ್ಕೂ ಎರಡು ವರ್ಷ ಮುಂಚೆ, 1966ರಲ್ಲಿ, ಬೋಮ್ ಮತ್ತು ಯಾಕೋಪಿನಿ ಅನ್ನುವ ಇಬ್ಬರು ಒಂದು ಗಣಿತದ ಸಾಧನೆ ತೋರಿಸಿದ್ದರು. ಒಂದಾದ ಮೇಲೊಂದು ಸಾಲು, ಇದ್ದರೆ-ಇಲ್ಲದಿದ್ದರೆ, ಮತ್ತು ಲೂಪ್, ಈ ಮೂರೇ ಇದ್ದರೂ ಯಾವ ಪ್ರೋಗ್ರಾಂ ಬೇಕಾದರೂ ಬರೆಯಬಹುದು ಅಂತ. ಇವೆರಡೂ ಸೇರಿ ಪಾಠದಲ್ಲಿ "ಒಂದು ಒಳಬಾಗಿಲು, ಒಂದು ಹೊರಬಾಗಿಲು" ಅನ್ನುವ ನಿಯಮ ಗಟ್ಟಿಯಾಯಿತು.

ಬರೆಯಬಹುದು ಅನ್ನೋದು ಬೇರೆ, ಹಾಗೇ ಬರೆಯಬೇಕು ಅನ್ನೋದು ಬೇರೆ ಅಲ್ವಾ? ಆ ಸಾಧನೆಯ ಪ್ರಕಾರ ಬ್ರೇಕ್ ಇಲ್ಲದೆ ಬರೆಯೋಕೆ ಹೋದರೆ ಹೆಚ್ಚಿನ ವೇರಿಯಬಲ್ಲುಗಳು ಬೇಕಾಗುತ್ತವೆ. ನಿಮ್ಮ 'ಸಿಕ್ಕಿತು' ಅನ್ನುವ ಫ್ಲ್ಯಾಗ್ ಅಂಥದ್ದೇ.

ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಸಂಗತಿ ಇದೆ. ಡೈಕ್‌ಸ್ಟ್ರಾ ಪತ್ರಕ್ಕೆ 'ಗೋಟೂ ಹೇಳಿಕೆ ಹಾನಿಕರ' ಅನ್ನುವ ಹೆಸರಾಂತ ತಲೆಬರಹ ಕೊಟ್ಟಿದ್ದು ಡೈಕ್‌ಸ್ಟ್ರಾ ಅಲ್ಲ, ಅದರ ಸಂಪಾದಕರಾಗಿದ್ದ ನಿಕ್ಲಾಸ್ ವಿರ್ತ್. ಇದೇ ವಿರ್ತ್ 1970ರಲ್ಲಿ ಪಾಸ್ಕಲ್ ಭಾಷೆ ಕೊಟ್ಟರು. ಅದರಲ್ಲಿ ಬ್ರೇಕ್ ಇರಲಿಲ್ಲ. ಎಷ್ಟೋ ಕಾಲೇಜುಗಳಲ್ಲಿ ಒಂದಿಡೀ ತಲೆಮಾರು ಪಾಸ್ಕಲ್‌ನಲ್ಲೇ ಪ್ರೋಗ್ರಾಂ ಕಲಿತಿತು. ಆದರೆ ವಿರ್ತ್ ಅವರೇ ಆಮೇಲೆ ಮಾಡಿದ ಮಾಡ್ಯುಲಾ-2 ಭಾಷೆಯಲ್ಲಿ ಲೂಪಿನಿಂದ ಮಧ್ಯದಲ್ಲೇ ಹೊರಬರೋಕೆ 'ಎಕ್ಸಿಟ್' ಇದೆ. 1974ರಲ್ಲಿ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ ಗೋಟೂ ಬಗ್ಗೆ ಒಂದು ಉದ್ದದ ಲೇಖನ ಬರೆದರು. ಅದರಲ್ಲಿ ಎತ್ತಿಕೊಂಡ ಮೊದಲ ಉದಾಹರಣೆಗಳಲ್ಲೇ ಒಂದು ಪಟ್ಟಿಯಲ್ಲಿ ಹುಡುಕುವುದು, ಅಂದರೆ ನಿಮ್ಮದೇ ಸಮಸ್ಯೆ. ಲೂಪಿನ ಮಧ್ಯದಿಂದ ಹೊರಬರುವುದು ಕೆಲವು ಕಡೆ ಸಹಜವಾಗಿಯೇ ಬೇಕು ಅನ್ನುವುದನ್ನು ಅವರು ಎಳೆಎಳೆಯಾಗಿ ಬಿಡಿಸಿ ತೋರಿಸಿದರು.

ಗೋಟೂಗೂ ಬ್ರೇಕ್‌ಗೂ ಇರುವ ವ್ಯತ್ಯಾಸ ಇಷ್ಟೇ. ಗೋಟೂ ಎಲ್ಲಿಗೆ ಹಾರುತ್ತದೆ ಅಂತ ತಿಳಿಯೋಕೆ ಇಡೀ ಫೈಲ್ ಹುಡುಕಬೇಕು. ಬ್ರೇಕ್ ಎಲ್ಲಿಗೆ ಹೋಗುತ್ತದೆ ಅಂತ ಓದುವವರಿಗೆ ಆಗಲೇ ಗೊತ್ತು: ಅದು ಇರುವ ಲೂಪ್ ಮುಗಿದ ಮುಂದಿನ ಸಾಲಿಗೆ. ಬೇರೆಲ್ಲಿಗೂ ಅಲ್ಲ. ಡೈಕ್‌ಸ್ಟ್ರಾ ದೂರು ಇದಕ್ಕೆ ಅಷ್ಟಾಗಿ ತಾಗುವುದಿಲ್ಲ.

ಹಾಗಂತ ನಿಮ್ಮ ಸೀನಿಯರ್ ಮಾತನ್ನು ತಳ್ಳಿಹಾಕಬೇಡಿ. ಅವರು ಮುಂಚೆ ಎಲ್ಲಿ ಕೆಲಸ ಮಾಡಿದ್ದರು ಅಂತ ಒಮ್ಮೆ ಕೇಳಿ. ಕಾರು, ವೈದ್ಯಕೀಯ ಯಂತ್ರ ಇಂಥವುಗಳ ಒಳಗಿನ ಸಿ ಕೋಡಿಗೆ ಮಿಸ್ರಾ ಅನ್ನುವ ನಿಯಮಾವಳಿ ಇದೆ. ಅದರ 1998ರ ಆವೃತ್ತಿಯಲ್ಲಿ ಸ್ವಿಚ್ (ಒಂದು ಬೆಲೆ ನೋಡಿ ಹಲವು ದಾರಿಗಳಲ್ಲಿ ಒಂದನ್ನು ಆರಿಸುವ ಹೇಳಿಕೆ) ಬಿಟ್ಟು ಬೇರೆ ಕಡೆ ಬ್ರೇಕ್ ಬಳಸಲೇಬಾರದು ಅಂತಿತ್ತು. 2004ರ ಆವೃತ್ತಿ ಒಂದು ಲೂಪಿಗೆ ಒಂದು ಬ್ರೇಕ್ ಇರಬಹುದು ಅಂತ ಸಡಿಲ ಮಾಡಿತು. 2012ರ ಆವೃತ್ತಿಯಲ್ಲಿ ಅದೂ ಕಡ್ಡಾಯವಲ್ಲ, ಸಲಹೆ ಮಾತ್ರ. ಅಂಥ ಕಡೆ ಪಳಗಿದ ಕೈ ಬ್ರೇಕ್ ಕಂಡರೆ ತಡೆಯುವುದು ಸಹಜ. ಸಿ ಭಾಷೆಯಲ್ಲಿ ಮಧ್ಯದಲ್ಲೇ ಹೊರಗೆ ಹೋದರೆ ತೆರೆದ ಫೈಲ್ ಮುಚ್ಚೋದು, ತೆಗೆದುಕೊಂಡ ಮೆಮೊರಿ ವಾಪಸ್ ಕೊಡೋದು ತಪ್ಪಿಹೋಗಬಹುದು. ಆ ಭಯಕ್ಕೆ ಕಾರಣ ಇದೆ. ಪೈಥಾನ್‌ನಲ್ಲಿ ಫೈಲನ್ನು 'ವಿತ್' ಒಳಗೆ ತೆರೆದಿದ್ದರೆ ಬ್ರೇಕ್ ಆಗಲಿ, ರಿಟರ್ನ್ ಆಗಲಿ, ಎರರ್ ಆಗಲಿ, ಯಾವುದರಿಂದ ಹೊರಬಂದರೂ ಫೈಲ್ ಮುಚ್ಚುತ್ತದೆ. 'ಫೈನಲಿ' ಭಾಗದಲ್ಲಿ ಬರೆದಿದ್ದೂ ತಪ್ಪದೆ ಓಡುತ್ತದೆ.

ವೇಗದ ಬಗ್ಗೆಯೂ ಒಂದು ಮಾತು. "ಬ್ರೇಕ್ ಹಾಕಿದರೆ ಕೋಡ್ ನಿಧಾನ" ಅಂತ ಕೆಲವರು ಹೇಳುತ್ತಾರೆ. ಉಲ್ಟಾ. ಚುನಾವಣೆ ದಿನ ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ಸಿಕ್ಕ ಮೇಲೂ ಯಾರಾದರೂ ಕೊನೆಯ ಹಾಳೆಯವರೆಗೆ ಓದುತ್ತಾರಾ? 40,000 ಜನರಲ್ಲಿ ಯಾರನ್ನಾದರೂ ಸಮಾನವಾಗಿ ಹುಡುಕಬಹುದು ಅಂದುಕೊಂಡರೆ, ಸಿಕ್ಕ ತಕ್ಷಣ ನಿಲ್ಲುವುದರಿಂದ ಸರಾಸರಿ 20,000 ಹೋಲಿಕೆ ಸಾಕು. ಆದರೆ ಇಲ್ಲದ ನಂಬರಿಗೆ ಪೂರ್ತಿ 40,000 ಆಗುತ್ತದೆ, ಅದಕ್ಕೆ ಬ್ರೇಕ್ ಏನೂ ಮಾಡೋಕಾಗಲ್ಲ. ನೀವು ದಿನಕ್ಕೆ 3,000 ಸಲ ಹೀಗೆ ಹುಡುಕುತ್ತೀರಿ ಅಂದುಕೊಳ್ಳಿ, ಬ್ರೇಕ್ ಇದ್ದರೂ 6 ಕೋಟಿ ಹೋಲಿಕೆ. ಅಂಥ ಕಡೆ ಲೂಪೇ ಬೇಡ. ಒಂದೇ ಸಲ ಪಟ್ಟಿ ಓದಿ ನಂಬರಿನಿಂದ ಗ್ರಾಹಕರಿಗೆ ಒಂದು ಡಿಕ್ಷನರಿ ಮಾಡಿಟ್ಟುಕೊಳ್ಳಿ. ಆಮೇಲೆ ಪ್ರತಿ ಹುಡುಕಾಟವೂ ನೇರವಾಗಿ ಆ ಜಾಗಕ್ಕೇ ಹೋಗುತ್ತದೆ. ನಿಮ್ಮ ಬಿಲ್ಲಿಂಗ್ ಕೆಲಸಕ್ಕೆ ನನಗೆ ಅನ್ನಿಸುವ ಸರಿಯಾದ ದಾರಿ ಕೊನೆಗೆ ಅದೇ.

ಅದಕ್ಕೆ ಸಮಯ ಬೇಕು ಅಂದರೆ, ಈಗಿನ ಲೂಪನ್ನು ಹೀಗೆ ಬರೆಯಿರಿ:

ಗ್ರಾಹಕ_ಹುಡುಕು (ಪಟ್ಟಿ, ನಂಬರ್):
    ಪಟ್ಟಿಯ ಒಬ್ಬೊಬ್ಬ ಗ್ರಾಹಕರಿಗೂ:
        ನಂಬರ್ ಹೊಂದಿದರೆ: ಆ ಗ್ರಾಹಕರನ್ನು ರಿಟರ್ನ್ ಮಾಡು
    ನನ್ ರಿಟರ್ನ್ ಮಾಡು

ಲೂಪನ್ನು ಒಂದು ಸಣ್ಣ ಫಂಕ್ಷನ್ ಒಳಗೆ ಹಾಕಿದೆವು, ಅಷ್ಟೇ. ಬ್ರೇಕ್ ಇಲ್ಲ, ಫ್ಲ್ಯಾಗ್ ಇಲ್ಲ, ಐ ಇಲ್ಲ. ಸಿಕ್ಕರೆ ಸಿಕ್ಕವರು ವಾಪಸ್ ಬರುತ್ತಾರೆ. ಸಿಗದಿದ್ದರೆ 'ನನ್' (None), ಅಂದರೆ ಏನೂ ಇಲ್ಲ. ಯಾಕೆ ನಿಂತಿತು ಅನ್ನುವ ಪ್ರಶ್ನೆಗೆ ಉತ್ತರ ಫಂಕ್ಷನ್ ಕೈಯಲ್ಲೇ ಬರುತ್ತದೆ. ಕರೆದವರು 'ನನ್ ಬಂತಾ' ಅಂತ ನೋಡೋದು ಮರೆತರೆ? ಆಗ ಬಾಕಿ ಕೇಳಿದ ಸಾಲಿನಲ್ಲೇ ಪೈಥಾನ್ ಎರರ್ ಕೊಟ್ಟು ನಿಲ್ಲುತ್ತದೆ. ಅದೂ ತಪ್ಪೇ, ಆದರೆ ಕಣ್ಣಿಗೆ ಕಾಣುವ ತಪ್ಪು. ಸದ್ದಿಲ್ಲದೆ ಬೇರೆಯವರ ಬಾಕಿ ತೋರಿಸುವುದಕ್ಕಿಂತ ಸಾವಿರ ಪಾಲು ವಾಸಿ.

ಈ ಫಂಕ್ಷನ್‌ನಲ್ಲಿ ಎರಡು ರಿಟರ್ನ್ ಇವೆ, ಇದೂ ಎರಡು ಬಾಗಿಲು ತಾನೇ ಅಂತ ನಿಮ್ಮ ಸೀನಿಯರ್ ಕೇಳಬಹುದು. ಹೌದು. ಆದರೆ ನಾಲ್ಕೇ ಸಾಲು. ಎರಡು ಬಾಗಿಲೂ ಒಂದೇ ನೋಟಕ್ಕೆ ಕಾಣುತ್ತವೆ. ಇನ್ನೂರು ಸಾಲಿನ ಫಂಕ್ಷನ್‌ನಲ್ಲಿ ಏಳು ರಿಟರ್ನ್ ಇದ್ದರೆ ಅವರ ಆಕ್ಷೇಪಕ್ಕೆ ನಾನೂ ಸೇರುತ್ತೇನೆ.

ಪೈಥಾನ್‌ನಲ್ಲಿ ಇನ್ನೊಂದು ದಾರಿಯೂ ಇದೆ, ಫಾರ್ ಲೂಪಿಗೆ 'ಎಲ್ಸ್' ಸೇರಿಸೋದು. ಲೂಪ್ ಬ್ರೇಕ್ ಇಲ್ಲದೆ ಪೂರ್ತಿ ಮುಗಿದರೆ ಮಾತ್ರ ಆ ಎಲ್ಸ್ ಓಡುತ್ತದೆ. "ಸಿಗಲಿಲ್ಲ" ಅನ್ನೋದನ್ನು ಅಲ್ಲಿ ಬರೆಯಬಹುದು. ಕೆಲಸಕ್ಕೆ ಸರಿಯಾಗಿದೆ. ಆದರೆ ಹೆಸರು ಓದುವವರನ್ನು ದಾರಿ ತಪ್ಪಿಸುತ್ತದೆ. "ಲೂಪ್ ಓಡದೇ ಇದ್ದರೆ" ಅಂತ ಅರ್ಥ ಮಾಡಿಕೊಂಡ ಅನುಭವಿಗಳನ್ನೇ ನೋಡಿದ್ದೇನೆ. ಬಳಸಿದರೆ ಪಕ್ಕದಲ್ಲಿ ಒಂದು ಸಾಲು ಕಾಮೆಂಟ್ ಬರೆಯಿರಿ.

ಲೂಪಿನೊಳಗೆ ಲೂಪ್ ಇದ್ದಾಗ ಏನು ಮಾಡೋದು ಅಂತ ಕೇಳಿದ್ದೀರಿ. ಬ್ರೇಕ್ ತನಗೆ ತೀರ ಹತ್ತಿರದ ಲೂಪನ್ನು ಮಾತ್ರ ಬಿಡಿಸುತ್ತದೆ. ಹೊರಗಿನದು ಸುತ್ತುತ್ತಲೇ ಇರುತ್ತದೆ. ಜಾವಾ, ಜಾವಾಸ್ಕ್ರಿಪ್ಟ್, ಗೋ, ರಸ್ಟ್, ಕೋಟ್ಲಿನ್ ಭಾಷೆಗಳಲ್ಲಿ ಹೊರಗಿನ ಲೂಪಿಗೆ ಒಂದು ಹೆಸರಿಟ್ಟು, ಬ್ರೇಕ್ ಮುಂದೆ ಆ ಹೆಸರು ಬರೆದರೆ ಎರಡರಿಂದಲೂ ಹೊರಬರಬಹುದು. ಪಿಎಚ್‌ಪಿಯಲ್ಲಿ 'ಬ್ರೇಕ್ 2' ಅಂತ ಬರೆಯಬಹುದು. ಎರಡು ಮೆಟ್ಟಿಲು ಹೊರಗೆ ಅಂತ ಅರ್ಥ. ಇದು ನನಗೆ ಹಿಡಿಸೋದಿಲ್ಲ. ನಾಳೆ ಯಾರೋ ಮಧ್ಯದಲ್ಲಿ ಇನ್ನೊಂದು ಲೂಪ್ ಸೇರಿಸಿದರೆ ಆ 2 ಅನ್ನು 3 ಮಾಡಬೇಕು ಅಂತ ಅವರಿಗೆ ಯಾರು ಹೇಳುತ್ತಾರೆ? ಪೈಥಾನ್‌ಗೂ ಹೆಸರಿರುವ ಬ್ರೇಕ್ ಬೇಕು ಅಂತ ಒಂದು ಪ್ರಸ್ತಾವ ಬಂದಿತ್ತು. ಭಾಷೆಯನ್ನು ರೂಪಿಸಿದ ಗೀಡೋ ವಾನ್ ರೋಸಮ್ 2007ರಲ್ಲಿ ಅದನ್ನು ಒಪ್ಪಲಿಲ್ಲ. ಅಷ್ಟು ಸಿಕ್ಕಾದ ಕೋಡ್ ಅಪರೂಪ, ಅಂಥ ಕಡೆ ರಿಟರ್ನ್ ಮುಂತಾದವುಗಳಿಂದಲೇ ಚೆನ್ನಾಗಿ ಬರೆಯಬಹುದು ಅನ್ನೋದು ಅವರ ಕಾರಣ. ನನ್ನ ಅನುಭವವೂ ಅದೇ. ಎರಡೂ ಲೂಪನ್ನು ಒಂದು ಫಂಕ್ಷನ್‌ಗೆ ಹಾಕಿ ರಿಟರ್ನ್ ಮಾಡಿ.

ಫಾರ್‌ಈಚ್ ಪ್ರಶ್ನೆ ಚಿಕ್ಕದು. ಅಲ್ಲಿ ಲೂಪ್ ನಿಮ್ಮ ಕೈಯಲ್ಲಿಲ್ಲ. ನೀವು ಒಂದು ಫಂಕ್ಷನ್ ಕೊಟ್ಟಿದ್ದೀರಿ, ಫಾರ್‌ಈಚ್ ಅದನ್ನು ಪ್ರತಿ ಐಟಂಗೂ ಕರೆಯುತ್ತದೆ. ನಿಮ್ಮ ರಿಟರ್ನ್ ಆ ಒಂದು ಕರೆಯಿಂದ ಮಾತ್ರ ಹೊರಬರುತ್ತದೆ, ಅಂದರೆ ಈ ಸುತ್ತು ಬಿಟ್ಟು ಮುಂದಿನದಕ್ಕೆ ಹೋಗುವ ಕಂಟಿನ್ಯೂ ಹಾಗೆ. ಬ್ರೇಕ್ ಬರೆದರೆ ಸಿಂಟ್ಯಾಕ್ಸ್ ಎರರ್. ಫಾರ್-ಆಫ್ ಬಳಸಿ. ಹುಡುಕೋದೇ ಆದರೆ 'ಫೈಂಡ್' (find) ಅಥವಾ 'ಸಮ್' (some) ಇದೆ, ಅವು ಸಿಕ್ಕ ತಕ್ಷಣ ತಾವಾಗಿಯೇ ನಿಲ್ಲುತ್ತವೆ.

ಈಗ ನೀವು ಕೇಳದೇ ಇದ್ದರೂ ಹೇಳಲೇಬೇಕಾದ ಒಂದು ವಿಷಯ. ಬ್ರೇಕ್ ಬರೆಯಬೇಕೋ ಕಂಟಿನ್ಯೂ ಬರೆಯಬೇಕೋ ಅನ್ನೋದು. ಕಂಟಿನ್ಯೂ ಈ ಒಂದು ಸುತ್ತನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತದೆ. ಬ್ರೇಕ್ ಲೂಪನ್ನೇ ಮುಗಿಸುತ್ತದೆ. ಪಾಠದಲ್ಲಿ ಸುಲಭ. ಕೆಲಸದಲ್ಲಿ ನಾನೇ ತಪ್ಪಿದ್ದೇನೆ.

ತುಂಬಾ ಹಿಂದಿನ ಮಾತು. ಐದಾರು ಹಳ್ಳಿಯ ಹಾಲಿನ ಸಂಘಗಳಿಗೆ ಬಟವಾಡೆ ಲೆಕ್ಕದ ಪ್ರೋಗ್ರಾಂ ಬರೆದಿದ್ದೆ. 612 ರೈತರ ಪಟ್ಟಿ, ಊರಿನ ಪ್ರಕಾರ ಜೋಡಿಸಿದ್ದು. ಪ್ರತಿ ಸಾಲು ಓದಿ ಬ್ಯಾಂಕಿಗೆ ಕಳಿಸುವ ಫೈಲಿಗೆ ಸೇರಿಸಬೇಕು. ಖಾತೆ ನಂಬರ್ ಖಾಲಿ ಇದ್ದರೆ ಆ ಸಾಲು ಬಿಡಬೇಕು. ಬಿಡಬೇಕು ಅನ್ನುವ ಕಡೆ ನಾನು ಬ್ರೇಕ್ ಬರೆದಿದ್ದೆ. ಎರಡು ತಿಂಗಳು ಏನೂ ಆಗಲಿಲ್ಲ, ಯಾಕೆಂದರೆ ಯಾವ ಖಾತೆಯೂ ಖಾಲಿ ಇರಲಿಲ್ಲ. ಮೂರನೇ ತಿಂಗಳು 213ನೇ ಸಾಲಿನಲ್ಲಿ ಹೊಸದಾಗಿ ಸೇರಿದ ಒಬ್ಬರ ಖಾತೆ ತುಂಬಿರಲಿಲ್ಲ. ಪ್ರೋಗ್ರಾಂ 212 ಜನರನ್ನು ಬರೆದು, "ಮುಗಿಯಿತು" ಅಂತ ತೋರಿಸಿ ನಿಂತಿತು. 400 ಮನೆಗೆ ಹಾಲಿನ ದುಡ್ಡು ಹೋಗಲಿಲ್ಲ. ಮೂರು ದಿನ ಆದ ಮೇಲೆ ಒಬ್ಬ ಕಾರ್ಯದರ್ಶಿ ಫೋನ್ ಮಾಡಿ, "ಸಾರ್, ಪಕ್ಕದ ಊರಿಗೆಲ್ಲಾ ಬಂದಿದೆ, ನಮ್ಮ ಊರಿಗೆ ಒಬ್ಬರಿಗೂ ಬಂದಿಲ್ಲ" ಅಂದರು. ಆ ಮಾತಿನಲ್ಲೇ ಸುಳಿವಿತ್ತು. ಒಂದು ಗೆರೆಯವರೆಗೆ ಎಲ್ಲಾ ಸರಿ, ಅದರ ನಂತರ ಪೂರ್ತಿ ಖಾಲಿ ಅಂದರೆ ಲೂಪ್ ಬೇಗ ಮುಗಿದಿದೆ ಅಂತಲೇ.

ಬದಲಿಸಿದ್ದು ಒಂದೇ ಪದ. ಆದರೆ ಅದರ ಜೊತೆ ಇನ್ನೊಂದು ಅಭ್ಯಾಸ ಮಾಡಿಕೊಂಡೆ. ಇಂಥ ಲೂಪ್ ಮುಗಿದ ಮೇಲೆ ಮೂರು ಲೆಕ್ಕ ಬರೆಯುತ್ತೇನೆ: ಪಟ್ಟಿಯಲ್ಲಿ ಇದ್ದದ್ದು ಎಷ್ಟು, ಕಳಿಸಿದ್ದು ಎಷ್ಟು, ಬಿಟ್ಟಿದ್ದು ಎಷ್ಟು. ಕಳಿಸಿದ್ದೂ ಬಿಟ್ಟಿದ್ದೂ ಕೂಡಿದರೆ ಇದ್ದದ್ದಕ್ಕೆ ಸಮ ಬರಬೇಕು. ಬರದಿದ್ದರೆ ಫೈಲ್ ಬ್ಯಾಂಕಿಗೆ ಹೋಗಲೇಬಾರದು. ಅವತ್ತು ಆ ಲೆಕ್ಕ ಇದ್ದಿದ್ದರೆ 612ಕ್ಕೆ 212 ಅಂತ ಅಲ್ಲೇ ಕಾಣುತ್ತಿತ್ತು. ದುಡ್ಡಿನ ಲೂಪುಗಳಲ್ಲಿ ನೀವೂ ಇದನ್ನು ಬರೆಯಿರಿ, ದಯವಿಟ್ಟು.

ಕಂಟಿನ್ಯೂಗೂ ಅದರದ್ದೇ ಒಂದು ಗುಂಡಿ ಇದೆ. ವೈಲ್ ಲೂಪಿನಲ್ಲಿ 'ಐ = ಐ + 1' ಕೊನೆಯ ಸಾಲಿನಲ್ಲಿದ್ದು, ಅದಕ್ಕಿಂತ ಮೇಲೆ ಕಂಟಿನ್ಯೂ ಬಂದರೆ ಐ ಹೆಚ್ಚಾಗುವುದೇ ಇಲ್ಲ. ಅದೇ ಐಟಂ ಮತ್ತೆ ಬರುತ್ತದೆ, ಮತ್ತೆ ಕಂಟಿನ್ಯೂ. ಪ್ರೋಗ್ರಾಂ ಅಲ್ಲೇ ಸಿಕ್ಕಿಕೊಂಡು ಸುತ್ತುತ್ತಲೇ ಇರುತ್ತದೆ. ಫಾರ್ ಲೂಪಿನಲ್ಲಿ ಈ ತೊಂದರೆ ಇಲ್ಲ.

ಬ್ರೇಕ್‌ನಿಂದ ನಿಜವಾಗಲೂ ದೊಡ್ಡ ಅನಾಹುತ ಆಗಿದೆಯಾ ಅಂದರೆ, ಆಗಿದೆ. 1990ರ ಜನವರಿ 15ರಂದು ಅಮೆರಿಕದ ಎಟಿ ಅಂಡ್ ಟಿ ಕಂಪನಿಯ ದೂರದ ಕರೆಗಳ ಜಾಲ ಸುಮಾರು 9 ಗಂಟೆ ಕುಸಿಯಿತು. ಕರೆಗಳನ್ನು ದಾಟಿಸುವ 114 ದೊಡ್ಡ ಸ್ವಿಚ್ ಯಂತ್ರಗಳಿದ್ದವು. ಎಲ್ಲದರಲ್ಲೂ ಹಿಂದಿನ ತಿಂಗಳಷ್ಟೇ ಹಾಕಿದ್ದ ಹೊಸ ಸಾಫ್ಟ್‌ವೇರ್, ಸಿ ಭಾಷೆಯದ್ದು. ಅದರಲ್ಲಿ ಒಂದು ಸ್ವಿಚ್ ಹೇಳಿಕೆಯ ಒಳಗಿನ ಇಫ್ ಒಳಗೆ ಒಂದು ಬ್ರೇಕ್ ಇತ್ತು. ಬ್ರೇಕ್ ಇಫ್‌ನಿಂದ ಹೊರಬರುವುದಿಲ್ಲ. ಯಾವ ಭಾಷೆಯಲ್ಲೂ ಇಲ್ಲ ಅಂತಲೇ ನೆನಪಿಟ್ಟುಕೊಳ್ಳಿ. ಅದು ಸ್ವಿಚ್ ಹೇಳಿಕೆಯಿಂದಲೇ ಹೊರಹೋಯಿತು. ಓಡಬೇಕಿದ್ದ ಸಾಲುಗಳು ಓಡಲಿಲ್ಲ, ಡೇಟಾ ಕೆಟ್ಟಿತು. ನ್ಯೂಯಾರ್ಕಿನ ಒಂದು ಯಂತ್ರ ತನ್ನನ್ನು ತಾನು ರೀಸೆಟ್ ಮಾಡಿಕೊಂಡು ಮತ್ತೆ ಕೆಲಸಕ್ಕೆ ಬಂದಾಗ ಅದು ಕಳಿಸಿದ ಸಂದೇಶಗಳು ಪಕ್ಕದ ಯಂತ್ರಗಳಲ್ಲಿ ಇದೇ ತಪ್ಪನ್ನು ಎಬ್ಬಿಸಿದವು. ಅವೂ ರೀಸೆಟ್ ಆದವು, ಅವುಗಳ ಸಂದೇಶ ಮತ್ತೆ ಬೇರೆ ಯಂತ್ರಗಳಿಗೆ. ಹೀಗೆ ಜಾಲವಿಡೀ ಹರಡಿತು.

ಇದನ್ನು ಹೇಳಿದ್ದು ಹೆದರಿಸೋಕಲ್ಲ. ಸಿ, ಜಾವಾ, ಜಾವಾಸ್ಕ್ರಿಪ್ಟ್‌ಗಳಲ್ಲಿ ಬ್ರೇಕ್ ಲೂಪನ್ನೂ ಬಿಡಿಸುತ್ತದೆ, ಸ್ವಿಚ್ಚನ್ನೂ ಬಿಡಿಸುತ್ತದೆ. ಲೂಪಿನೊಳಗೆ ಸ್ವಿಚ್ ಇದ್ದು ಅದರೊಳಗೆ ಬ್ರೇಕ್ ಬರೆದರೆ ಲೂಪ್ ನಿಲ್ಲೋದಿಲ್ಲ. ಗೋ ಭಾಷೆಯಲ್ಲೂ ಹೀಗೇ, ಅಲ್ಲಿ ಸ್ವಿಚ್ಚಿಗೆ ಬ್ರೇಕ್ ಅಗತ್ಯವೇ ಇಲ್ಲದಿರುವುದರಿಂದ ಜನ ಇನ್ನೂ ಸುಲಭವಾಗಿ ಮೋಸ ಹೋಗುತ್ತಾರೆ. ನಿಮ್ಮ ಜಾವಾಸ್ಕ್ರಿಪ್ಟ್ ಕೋಡ್‌ನಲ್ಲಿ ಹೀಗೆ ಎಲ್ಲಾದರೂ ಇದೆಯಾ ನೋಡಿ.

ಒಂದು ಕಡೆ ಮಾತ್ರ ಬೇಗ ಹೊರಬರಲೇಬಾರದು. ಗುಟ್ಟಿನ ಟೋಕನ್ ಅಥವಾ ಸಹಿಯನ್ನು ಅಕ್ಷರ ಅಕ್ಷರವಾಗಿ ಹೋಲಿಸುವಾಗ. ಮೊದಲ ತಪ್ಪು ಅಕ್ಷರಕ್ಕೇ ನಿಂತುಬಿಟ್ಟರೆ, ಉತ್ತರಕ್ಕೆ ಹಿಡಿದ ಸಮಯ ಅಳೆದು ಎಷ್ಟು ಅಕ್ಷರ ಸರಿ ಇದ್ದವು ಅಂತ ಹೊರಗಿನವರು ಊಹಿಸಬಹುದು. ಇದಕ್ಕಾಗಿಯೇ ಪೈಥಾನ್‌ನ ಎಚ್‌ಮ್ಯಾಕ್ ಲೈಬ್ರರಿಯಲ್ಲಿ 'ಕಂಪೇರ್ ಡೈಜೆಸ್ಟ್' ಅನ್ನುವ ಫಂಕ್ಷನ್ ಇದೆ. ತಪ್ಪು ಎಲ್ಲಿದೆ ಅನ್ನುವುದು ಸಮಯದಲ್ಲಿ ಕಾಣದ ಹಾಗೆ ಅದು ಹೋಲಿಸುತ್ತದೆ. ಇಂಥ ಲೂಪನ್ನು ಕೈಯಾರೆ ಬರೆಯಬೇಡಿ.

ಇನ್ನು ಸೀನಿಯರ್ ಹತ್ತಿರ ಏನು ಹೇಳೋದು? "ಬ್ರೇಕ್ ತಪ್ಪಲ್ಲ ಅಂತ ಓದಿದೆ ಸಾರ್" ಅಂತ ಶುರು ಮಾಡಬೇಡಿ. ನಾಲ್ಕು ಸಾಲಿನ ಫಂಕ್ಷನ್ ತೋರಿಸಿ, ಜೊತೆಗೆ ಐದು ಟೆಸ್ಟ್ ತೋರಿಸಿ: ಪಟ್ಟಿಯ ಮೊದಲ ನಂಬರ್, ಮಧ್ಯದ್ದು, ಕೊನೆಯದು, ಇಲ್ಲದ್ದು, ಮತ್ತು ಖಾಲಿ ಪಟ್ಟಿ. ಫ್ಲ್ಯಾಗ್ ಕೋಡ್ ಈ ಐದರಲ್ಲಿ ಒಂದನ್ನೂ ಪಾಸ್ ಮಾಡುವುದಿಲ್ಲ. ಮೊದಲ ಬ್ರೇಕ್ ಕೋಡ್ ಎರಡರಲ್ಲಿ ಬೀಳುತ್ತದೆ. ಹೊಸದು ಐದನ್ನೂ ದಾಟುತ್ತದೆ. ನಿಮ್ಮ ತಂಡದಲ್ಲಿ ಬ್ರೇಕ್ ಬೇಡ ಅನ್ನುವ ಬರೆದಿಟ್ಟ ನಿಯಮ ಇದ್ದರೆ ಅದನ್ನು ಪಾಲಿಸಿ. ಎಲ್ಲರೂ ಒಂದೇ ಥರ ಬರೆಯುವುದಕ್ಕೂ ಬೆಲೆ ಇದೆ.

ಆ 11 ಬ್ರೇಕ್‌ಗಳನ್ನು ಒಟ್ಟಿಗೆ ಕಿತ್ತುಹಾಕಬೇಡಿ. ಓಡುತ್ತಿರುವ ಕೋಡಿಗೆ 11 ಕಡೆ ಫ್ಲ್ಯಾಗ್ ತುರುಕಿದರೆ ಈಗ ಬಂದ ತೊಂದರೆ 11 ಕಡೆ ಬರಬಹುದು. ಒಂದೊಂದು ಬ್ರೇಕ್ ಹತ್ತಿರ ಹೋಗಿ ಅದನ್ನಲ್ಲ, ಲೂಪ್ ಮುಗಿದ ನಂತರದ ಸಾಲನ್ನು ಓದಿ. ಏನೂ ಸಿಗದೆ ಪಟ್ಟಿ ಮುಗಿದಿದ್ದರೆ ಈ ಸಾಲು ಏನು ಮಾಡುತ್ತದೆ ಅಂತ ಯೋಚಿಸಿ. ಉತ್ತರ ಸರಿ ಇದ್ದರೆ ಆ ಬ್ರೇಕ್ ಹಾಗೇ ಇರಲಿ. ಬಿಲ್ ಮೊತ್ತ, ಪಾವತಿ, ಬಾಕಿ ಇರುವ ಫೈಲುಗಳಿಂದ ಶುರು ಮಾಡಿ. ಬಣ್ಣ, ಮೆನು, ರಿಪೋರ್ಟಿನ ತಲೆಬರಹ ಇರುವಂಥವು ಮುಂದಿನ ವಾರಕ್ಕೆ ಆದರೂ ನಡೆಯುತ್ತದೆ. ಅದಕ್ಕೂ ಮುಂಚೆ, ಫ್ಲ್ಯಾಗ್ ಕೋಡ್ ಓಡುತ್ತಿದ್ದ ದಿನಗಳಲ್ಲಿ ತಪ್ಪು ಬಾಕಿ ನೋಡಿ ದುಡ್ಡು ಕಟ್ಟಿದವರು ಯಾರಾದರೂ ಇದ್ದಾರಾ ಅಂತ ಪಾವತಿ ದಾಖಲೆಯಲ್ಲಿ ಹುಡುಕಿ, ಸೀನಿಯರ್‌ಗೆ ತಿಳಿಸಿ.